ನಿರ್ವಾತ ಮೊಹರು ಯಂತ್ರದ ಆಯ್ಕೆ: ಅಡುಗೆಮನೆಯಿಂದ ಗೃಹೋದ್ಯಮದವರೆಗೆ

ಆಹಾರ ಪದಾರ್ಥ ಕೆಡುವುದೆಂದರೆ ಅದರಲ್ಲಿ ತೊಡಗಿಸಿದ ಬಂಡವಾಳವೇ ಕೆಟ್ಟಂತೆ. ಕಮಟು ಹಿಡಿದ ಗೋಡಂಬಿ, ಬಣ್ಣ ಕಳೆದುಕೊಂಡ ಬ್ಯಾಡಗಿ ಮೆಣಸಿನಕಾಯಿ, ಹುಳು ಬಿದ್ದ ಬೇಳೆ ಇವು ಸಣ್ಣ ವ್ಯಾಪಾರಿಯ ಲಾಭ-ನಷ್ಟದ ಪಟ್ಟಿಯಲ್ಲಿ ಪ್ರತ್ಯೇಕ ಬಾಬತ್ತಾಗಿ ಕಾಣಿಸಿಕೊಳ್ಳುವುದಿಲ್ಲ. ಸದ್ದಿಲ್ಲದೆ ಒಟ್ಟು ಲಾಭವನ್ನು ತಿಂದುಹಾಕುತ್ತವೆ. ಈ ನಷ್ಟವನ್ನು ತಡೆಯುವ ಸಾಧನವೆಂದು ಗಾಳಿ ತೆಗೆದು ಮೊಹರು ಮಾಡುವ ಯಂತ್ರ, ಅಂದರೆ ವ್ಯಾಕ್ಯೂಮ್ ಸೀಲರ್, ಈಗ ಮನೆಗಳಿಗೂ ಗೃಹೋದ್ಯಮಗಳಿಗೂ ಬಂದಿದೆ. ಆದರೆ ಯಂತ್ರ ಯಾವುದು, ಅದರಲ್ಲಿ ತುಂಬುವ ಪದಾರ್ಥ ಯಾವುದು ಎಂಬುದನ್ನು ವಿಚಾರಿಸದೆ ಮಾಡಿದ ಖರೀದಿ ಹಣವನ್ನಷ್ಟೇ ಅಲ್ಲ, ಕೆಲವೊಮ್ಮೆ ವ್ಯಾಪಾರದ ಹೆಸರನ್ನೂ ಕಳೆಯಬಲ್ಲದು.

ಎರಡು ಬಗೆಯ ಯಂತ್ರಗಳು

ಮೊದಲನೆಯದು ಹೊರಹೀರು ಯಂತ್ರ. ಚೀಲದ ಬಾಯಿಯನ್ನು ಮಾತ್ರ ಯಂತ್ರದೊಳಗೆ ಇಟ್ಟಾಗ ಅದು ಗಾಳಿಯನ್ನು ಹೀರಿ, ಬಿಸಿ ಪಟ್ಟಿಯಿಂದ ಬಾಯಿಯನ್ನು ಬೆಸೆಯುತ್ತದೆ. ಮನೆಬಳಕೆಯ ಯಂತ್ರಗಳಲ್ಲಿ ಹೆಚ್ಚಿನವು ಇದೇ ಬಗೆಯವು. ಬೆಲೆ ಕಡಿಮೆ, ತೂಕವೂ ಕಡಿಮೆ. ಆದರೆ ಸಾಮಾನ್ಯವಾಗಿ ಒಳಮೈಯಲ್ಲಿ ಉಬ್ಬುಗೆರೆಗಳಿರುವ ವಿಶೇಷ ಚೀಲಗಳನ್ನೇ ಬಳಸಬೇಕಾಗುತ್ತದೆ. ಗೆರೆಗಳಿಲ್ಲದ ಚೀಲದ ಎರಡು ಪದರಗಳು ಒಂದಕ್ಕೊಂದು ಅಂಟಿಕೊಂಡು ಗಾಳಿಯ ದಾರಿಯನ್ನು ಮುಚ್ಚಿಬಿಡುತ್ತವೆ. ದ್ರವ ಪದಾರ್ಥವಿದ್ದರೆ ಅದೂ ಗಾಳಿಯೊಂದಿಗೆ ಯಂತ್ರದತ್ತ ಹರಿಯುತ್ತದೆ.

ಎರಡನೆಯದು ಕೋಣೆಯುಳ್ಳ ಯಂತ್ರ, ಅಂದರೆ ಚೇಂಬರ್ ಮಾದರಿ. ಇಡೀ ಚೀಲವನ್ನೇ ಪೆಟ್ಟಿಗೆಯೊಳಗಿಟ್ಟು ಮುಚ್ಚಳ ಹಾಕಲಾಗುತ್ತದೆ. ಚೀಲದ ಒಳಗೂ ಹೊರಗೂ ಒತ್ತಡ ಒಂದೇ ರೀತಿ ಇಳಿಯುವುದರಿಂದ ಉಪ್ಪಿನಕಾಯಿ, ಗೊಜ್ಜು ಮುಂತಾದವು ಹೊರಕ್ಕೆ ಎಳೆಯಲ್ಪಡುವುದಿಲ್ಲ. ನೈಲಾನ್ ಮತ್ತು ಪಾಲಿಥೀನ್ ಪದರಗಳ ಅಗ್ಗದ ಸಾದಾ ಚೀಲಗಳೇ ಸಾಕು. ಆದರೆ ಒತ್ತಡ ಇಳಿದಂತೆ ನೀರು ಕಡಿಮೆ ಉಷ್ಣತೆಯಲ್ಲೇ ಕುದಿಯುವುದರಿಂದ, ಬಿಸಿ ಪದಾರ್ಥವನ್ನು ಪೂರ್ಣ ತಣಿಸಿದ ಬಳಿಕವೇ ಇದರಲ್ಲಿಡಬೇಕು. ಎಣ್ಣೆಯ ಪಂಪು ಇರುವ ಯಂತ್ರದಲ್ಲಿ ಕಾಲಕಾಲಕ್ಕೆ ಎಣ್ಣೆ ಬದಲಿಸುವ ಖರ್ಚೂ ಸೇರುತ್ತದೆ.

ಮಾಪಕದ ಅಂಕಿಗಳ ಅರ್ಥ

ಗಾಳಿಯಲ್ಲಿ ಸುಮಾರು ಶೇ. 21ರಷ್ಟು ಆಮ್ಲಜನಕವಿದೆ. ಚೀಲದ ಒತ್ತಡವನ್ನು ಶೇ. 80ರಷ್ಟು ಇಳಿಸಿದರೆ ಉಳಿಯುವುದು ಐದನೆಯ ಒಂದು ಪಾಲು ಗಾಳಿ, ಅಂದರೆ ಶೇ. 4ರಷ್ಟು ಆಮ್ಲಜನಕವಿರುವುದಕ್ಕೆ ಸಮ. ಶೇ. 99ರಷ್ಟು ಇಳಿಸಿದರೆ ಅದು ಶೇ. 0.2ಕ್ಕೆ ಬರುತ್ತದೆ. ಎರಡು ಬಗೆಯ ಯಂತ್ರಗಳ ನಡುವಣ ನಿಜವಾದ ಅಂತರ ಇಲ್ಲಿದೆ.

ಮಾಪಕದ ವಿಷಯದಲ್ಲಿ ಇನ್ನೊಂದು ಸಂಗತಿಯನ್ನು ಗಮನಿಸತಕ್ಕದ್ದು. ಸಮುದ್ರಮಟ್ಟದಲ್ಲಿ ವಾಯುಭಾರ ಪಾದರಸದ 760 ಮಿಲಿಮೀಟರ್. ಸುಮಾರು 900 ಮೀಟರ್ ಎತ್ತರದ ಬೆಂಗಳೂರಿನಲ್ಲಿ ಅದು 685ರ ಆಸುಪಾಸಿನಲ್ಲಿರುತ್ತದೆ. ಆದ್ದರಿಂದ ಮಂಗಳೂರಿನಲ್ಲಿ 740 ತೋರಿಸುವ ಯಂತ್ರ ಬೆಂಗಳೂರಿನಲ್ಲಿ ಅಷ್ಟನ್ನು ತೋರಿಸಲಾರದು. ಇದು ಯಂತ್ರದ ದೋಷವಲ್ಲ. ಚೀಲದಲ್ಲಿ ಎಷ್ಟು ಒತ್ತಡ ಉಳಿಯುತ್ತದೆ ಎಂಬುದನ್ನು ಮಾರಾಟಗಾರನಿಂದ ಲಿಖಿತವಾಗಿ ಪಡೆಯುವುದೇ ಸರಿಯಾದ ಮಾರ್ಗ.

ಪದಾರ್ಥಕ್ಕೆ ತಕ್ಕ ಯಂತ್ರ

ಬೇಳೆಕಾಳು, ಒಣ ಮೆಣಸಿನಕಾಯಿ, ಗೋಡಂಬಿಗಳಿಗೆ ಈ ವಿಧಾನ ಹೊಂದುತ್ತದೆ. ಕರಾವಳಿಯ ಗೋಡಂಬಿ ಉದ್ಯಮ ದೀರ್ಘಕಾಲ 25 ಪೌಂಡಿನ ಟಿನ್ನುಗಳಲ್ಲಿ ಗಾಳಿ ತೆಗೆದು ಇಂಗಾಲದ ಡೈಆಕ್ಸೈಡ್ ತುಂಬಿ ರಫ್ತು ಮಾಡುತ್ತಿದ್ದುದರ ಹಿಂದಿನ ತತ್ತ್ವವೂ ಆಮ್ಲಜನಕವನ್ನು ದೂರವಿಡುವುದೇ ಆಗಿತ್ತು. ಆದರೆ ಮೆಣಸಿನಕಾಯಿಯ ಕೆಂಪು ಬಣ್ಣ ಬೆಳಕಿನಿಂದಲೂ ಮಾಸುತ್ತದೆ. ಪಾರದರ್ಶಕ ಚೀಲ ಇದನ್ನು ತಡೆಯದು. ಕತ್ತಲೆಯ ದಾಸ್ತಾನು ಅಗತ್ಯ.

ಚಟ್ನಿಪುಡಿ, ಸಾರಿನಪುಡಿಗಳ ನುಣ್ಣನೆಯ ಕಣಗಳು ಗಾಳಿಯೊಂದಿಗೆ ಎದ್ದು ಬೆಸುಗೆಯ ಜಾಗದಲ್ಲಿ ಕುಳಿತರೆ ಮೊಹರು ಸೋರುತ್ತದೆ. ಚೀಲವನ್ನು ಪೂರ್ತಿ ತುಂಬದೆ ಬಾಯಿಯ ಬಳಿ ಜಾಗ ಬಿಡುವುದು, ಬಾಯಿಯ ಒಳಮೈಯನ್ನು ಒರೆಸುವುದು ಉಪಯುಕ್ತ. ಖಡಕ್ ಜೋಳದ ರೊಟ್ಟಿ, ಹಪ್ಪಳ, ಚಿಪ್ಸುಗಳು ನಿರ್ವಾತದ ಒತ್ತಡಕ್ಕೆ ಪುಡಿಯಾಗುತ್ತವೆ. ಇವುಗಳಿಗೆ ನೈಟ್ರೋಜನ್ ತುಂಬುವ ವ್ಯವಸ್ಥೆಯೇ ಬೇಕು. ಹೊಸದಾಗಿ ಹುರಿದ ಕಾಫಿಬೀಜ ಕೆಲದಿನಗಳವರೆಗೆ ಇಂಗಾಲದ ಡೈಆಕ್ಸೈಡ್ ಬಿಡುವುದರಿಂದ ಬಿಗಿಯಾದ ಚೀಲವೂ ಊದಿಕೊಳ್ಳುತ್ತದೆ. ಅದಕ್ಕೆ ಏಕಮುಖ ಕವಾಟವುಳ್ಳ ಚೀಲ ಸೂಕ್ತ.

ಮರೆಯಬಾರದ ಅಪಾಯ

ಗಾಳಿ ತೆಗೆದರೆ ಬೂಷ್ಟು ಬೆಳೆಯುವುದು ಕಡಿಮೆಯಾಗುತ್ತದೆ. ಆದರೆ ಎಲ್ಲ ಸೂಕ್ಷ್ಮಜೀವಿಗಳಿಗೂ ಗಾಳಿ ಬೇಕಿಲ್ಲ. ಕ್ಲಾಸ್ಟ್ರಿಡಿಯಂ ಬೊಟುಲಿನಂ ಎಂಬ ಜೀವಾಣು ಗಾಳಿಯಿಲ್ಲದ, ತೇವವುಳ್ಳ, ಹುಳಿ ಕಡಿಮೆಯಿರುವ ಆಹಾರದಲ್ಲಿಯೇ ಬೆಳೆದು ಮಾರಕ ವಿಷವನ್ನು ಉಂಟುಮಾಡುತ್ತದೆ. ವಿಷ ಸೇರಿದ ಆಹಾರದ ರುಚಿ, ವಾಸನೆಗಳಲ್ಲಿ ವ್ಯತ್ಯಾಸವೇ ತೋರದಿರಬಹುದು. ಆಮ್ಲತೆಯ ಪಿ.ಎಚ್. ಅಂಕ 4.6ಕ್ಕಿಂತ ಹೆಚ್ಚಿರುವ ತೇವದ ಪದಾರ್ಥಗಳು, ಅಂದರೆ ಬೇಯಿಸಿದ ತರಕಾರಿ, ಪಲ್ಯ, ಮೀನು, ಎಣ್ಣೆಯಲ್ಲಿಟ್ಟ ಬೆಳ್ಳುಳ್ಳಿ ಮೊದಲಾದವನ್ನು ಗಾಳಿ ತೆಗೆದ ಚೀಲದಲ್ಲಿ ಹೊರಗಿಡುವುದು ಅತ್ಯಂತ ಅಪಾಯಕರ. ಇದರ ಕೆಲವು ತಳಿಗಳು 3 ಡಿಗ್ರಿ ಸೆಲ್ಷಿಯಸ್‌ನಷ್ಟು ತಂಪಿನಲ್ಲೂ ನಿಧಾನವಾಗಿ ಬೆಳೆಯಬಲ್ಲವು. ಆದುದರಿಂದ ಸಾಮಾನ್ಯ ರೆಫ್ರಿಜರೇಟರಿನಲ್ಲೂ ಅಲ್ಪಕಾಲ ಮಾತ್ರ, ದೀರ್ಘಕಾಲಕ್ಕೆ ಹೆಪ್ಪುಗಟ್ಟಿಸಿಯೇ ಇಡಬೇಕು. ನಿರ್ವಾತವು ಶೈತ್ಯಕ್ಕೆ ಬದಲಿಯಲ್ಲ ಎಂಬ ಒಂದು ಮಾತನ್ನು ಯಂತ್ರದ ಮೇಲೆಯೇ ಬರೆದು ಅಂಟಿಸಿದರೂ ತಪ್ಪಿಲ್ಲ.

ಲೆಕ್ಕದ ದೃಷ್ಟಿ

ಯಂತ್ರದ ಬೆಲೆಯೊಂದನ್ನೇ ನೋಡಿ ತೀರ್ಮಾನಿಸುವುದು ಸಾಮಾನ್ಯ ತಪ್ಪು. ಬಹುಕಾಲ ನಡೆಯುವ ಖರ್ಚು ಚೀಲದ್ದು. ಉದಾಹರಣೆಗಾಗಿ, ಹೊರಹೀರು ಯಂತ್ರಕ್ಕೆ ರೂ. 8,000 ಹಾಗೂ ಅದರ ಚೀಲಕ್ಕೆ ರೂ. 9, ಕೋಣೆಯ ಯಂತ್ರಕ್ಕೆ ರೂ. 45,000 ಹಾಗೂ ಅದರ ಚೀಲಕ್ಕೆ ರೂ. 4 ಎಂದು ಇಟ್ಟುಕೊಂಡರೆ, ಬೆಲೆಯ ಅಂತರ ರೂ. 37,000, ಪ್ರತಿ ಚೀಲದ ಉಳಿತಾಯ ರೂ. 5. ಅಂದರೆ 7,400 ಚೀಲಗಳಿಗೆ ಅಂತರ ಸರಿದೂಗುತ್ತದೆ. ವರ್ಷಕ್ಕೆ 300 ದಿನ, ದಿನಕ್ಕೆ 25 ಚೀಲ ಕಟ್ಟುವ ಗೃಹೋದ್ಯಮಕ್ಕೆ ಇದು ಒಂದೇ ವರ್ಷದ ಮಾತು. ದಿನಕ್ಕೆ 5 ಚೀಲ ಕಟ್ಟುವವರಿಗೆ ಸುಮಾರು 5 ವರ್ಷ ಹಿಡಿಯುತ್ತದೆ. ಅವರಿಗೆ ಚಿಕ್ಕ ಯಂತ್ರವೇ ಲೇಸು. ಈ ಅಂಕಿಗಳ ಜಾಗದಲ್ಲಿ ತಮಗೆ ಬಂದ ದರಪಟ್ಟಿಯ ಅಂಕಿಗಳನ್ನಿಟ್ಟು ಪ್ರತಿಯೊಬ್ಬರೂ ಲೆಕ್ಕ ಮಾಡಿಕೊಳ್ಳಬಹುದು. ಬಡ್ಡಿ, ದುರಸ್ತಿ ವೆಚ್ಚಗಳನ್ನು ಸೇರಿಸಿದರೆ ಚಿತ್ರ ಇನ್ನಷ್ಟು ಸ್ಪಷ್ಟವಾಗುತ್ತದೆ.

ತೆರಿಗೆ ಮತ್ತು ಕಾನೂನು

ವ್ಯಾಪಾರಕ್ಕಾಗಿ ಕೊಂಡ ಯಂತ್ರದ ಮೇಲಿನ ಜಿ.ಎಸ್.ಟಿ.ಯನ್ನು ನೋಂದಾಯಿತ ತಯಾರಕರು ಹೂಡುವಳಿ ತೆರಿಗೆಯಾಗಿ ಪಡೆಯಬಹುದು. ರಾಜಿ ತೆರಿಗೆ ಪದ್ಧತಿಯಲ್ಲಿರುವವರಿಗೂ, ಸ್ವಂತ ಮನೆಬಳಕೆಗೆ ಕೊಂಡವರಿಗೂ ಈ ಸೌಲಭ್ಯವಿಲ್ಲ. ಹೀಗೆ ಪಡೆದ ತೆರಿಗೆಯ ಭಾಗದ ಮೇಲೆ ಸವಕಳಿ ಕೇಳುವಂತಿಲ್ಲ. ಆದಾಯ ತೆರಿಗೆಯಲ್ಲಿ ಸಾಮಾನ್ಯ ಯಂತ್ರಗಳಿಗೆ ಶೇ. 15ರ ಸವಕಳಿಯಿದ್ದು, ಕೊಂಡ ವರ್ಷದಲ್ಲಿ 180 ದಿನಗಳಿಗಿಂತ ಕಡಿಮೆ ಬಳಸಿದ್ದರೆ ಅದರ ಅರ್ಧ ಮಾತ್ರ ದೊರೆಯುತ್ತದೆ.

ಚಿಲ್ಲರೆಯಾಗಿ ಅಳೆದು ಕೊಡುತ್ತಿದ್ದ ಅಕ್ಕಿ, ಬೇಳೆಗಳನ್ನು ಮುಂಚಿತವಾಗಿ ಚೀಲದಲ್ಲಿ ತುಂಬಿ ಲೇಬಲ್ ಅಂಟಿಸಿದರೆ ತೆರಿಗೆಯ ಸ್ಥಿತಿಯೇ ಬದಲಾಗುತ್ತದೆ. 2022ರ ಜುಲೈ 18ರಿಂದ 25 ಕಿಲೋವರೆಗಿನ ಇಂತಹ ಪೊಟ್ಟಣಗಳು ಶೇ. 5ರ ತೆರಿಗೆಗೆ ಒಳಪಟ್ಟವು. ಅಲ್ಲದೆ 2011ರ ಪೊಟ್ಟಣ ಸರಕುಗಳ ನಿಯಮಗಳ ಪ್ರಕಾರ ನಿವ್ವಳ ತೂಕ, ಗರಿಷ್ಠ ಮಾರಾಟ ಬೆಲೆ, ತಯಾರಕರ ವಿಳಾಸ ಮುಂತಾದವು ಇರಬೇಕು. ಆಹಾರ ಸುರಕ್ಷತಾ ಪ್ರಾಧಿಕಾರದ 14 ಅಂಕಿಗಳ ಸಂಖ್ಯೆಯೂ ಕಡ್ಡಾಯ. ಲೇಬಲ್ಲಿನಲ್ಲಿ ನಮೂದಿಸುವ ಬಾಳಿಕೆಯ ಅವಧಿ ಊಹೆಯದಾಗಿರದೆ, ಪ್ರಯೋಗಾಲಯದ ಪರೀಕ್ಷೆಯನ್ನು ಆಧರಿಸಿರಬೇಕು. ಮೈಸೂರಿನಲ್ಲಿ 1950ರಿಂದ ಕಾರ್ಯನಿರ್ವಹಿಸುತ್ತಿರುವ ಕೇಂದ್ರೀಯ ಆಹಾರ ತಾಂತ್ರಿಕ ಸಂಶೋಧನಾಲಯ ರಾಜ್ಯದ ಉದ್ಯಮಿಗಳಿಗೆ ಹತ್ತಿರದಲ್ಲೇ ಇರುವ ಆಶ್ರಯ.

ಹಣ ಕೊಡುವ ಮುನ್ನ

1. ತಮ್ಮ ಪದಾರ್ಥವನ್ನೇ ಒಯ್ದು ಒಂದರ ಹಿಂದೊಂದು 20 ಚೀಲಗಳನ್ನು ಮೊಹರು ಮಾಡಿಸಿ ನೋಡಬೇಕು. ಚಿಕ್ಕ ಯಂತ್ರಗಳು ನಡುನಡುವೆ ತಣಿಯಲು ವಿರಾಮ ಬೇಡುತ್ತವೆ.
2. ಆ ಚೀಲಗಳನ್ನು ನೀರಿನಲ್ಲಿ ಮುಳುಗಿಸಿ ಒತ್ತಿ, ಗುಳ್ಳೆ ಬರುವುದೇ ಎಂದು ಪರೀಕ್ಷಿಸಬೇಕು. ಒಂದು ವಾರದ ಬಳಿಕ ಸಡಿಲವಾದವನ್ನು ಎಣಿಸಬೇಕು.
3. ವಿದೇಶಿ ಯಂತ್ರವಾದರೆ 230 ವೋಲ್ಟ್, 50 ಹರ್ಟ್ಸ್ ವಿದ್ಯುತ್ತಿಗೆ ಹೊಂದುವುದೇ ಎಂದು ಅದರ ಫಲಕದಲ್ಲಿ ನೋಡಬೇಕು.
4. ಬಿಸಿ ತಂತಿ, ಟೆಫ್ಲಾನ್ ಪಟ್ಟಿ, ರಬ್ಬರ್ ಗ್ಯಾಸ್ಕೆಟ್‌ಗಳು ಬೇಗ ಸವೆಯುವ ಭಾಗಗಳು. ಇವು ಊರಿನಲ್ಲೇ ದೊರೆಯುತ್ತವೆಯೇ ಎಂದು ವಿಚಾರಿಸಬೇಕು.
5. ಚೀಲ ಆಹಾರ ದರ್ಜೆಯದೆಂಬ ದೃಢೀಕರಣ ಪತ್ರವನ್ನು ಪಡೆದು ಕಡತದಲ್ಲಿಡಬೇಕು.

ಒಳ್ಳೆಯ ಪದಾರ್ಥವನ್ನು ಒಳ್ಳೆಯದಾಗಿಯೇ ಉಳಿಸುವುದಷ್ಟೇ ಈ ಯಂತ್ರದ ಶಕ್ತಿ. ಕೆಟ್ಟುದನ್ನು ಅದು ಸರಿಪಡಿಸದು. ಗ್ರಾಹಕನಿಗೆ ಕಾಣುವುದು ಬಿಗಿಯಾದ ಚೀಲ ಮಾತ್ರ. ಒಳಗಿರುವುದರ ಹೊಣೆ ತಯಾರಕನದು. ಅಗತ್ಯವನ್ನರಿತು, ಲೆಕ್ಕ ಹಾಕಿ, ಪರೀಕ್ಷಿಸಿ ಕೊಂಡ ಯಂತ್ರ ಆ ಹೊಣೆಯನ್ನು ಹೊರಲು ನೆರವಾಗುತ್ತದೆ.