ಸಾಂಬ್ರಾಣಿಗೂ ಕೆಂಪು ದೀಪ

ಅರಕಲಗೂಡಿನ ಕೆಲವು ಮನೆಗಳಿಗೂ ಈಗ ಏರ್ ಪ್ಯೂರಿಫೈಯರ್ ಬಂದಿದೆ. ಹೆಚ್ಚಿನವು ಬೆಂಗಳೂರಿನಲ್ಲಿರುವ ಮಗನೋ ಅಳಿಯನೋ ಕಳಿಸಿದ್ದು. ಮನೆಯಲ್ಲಿ ಉಬ್ಬಸದವರು ಇರುತ್ತಾರೆ, ಇಲ್ಲವೇ ಹಸುಗೂಸು ಇರುತ್ತದೆ. ಸಂಜೆ ದೇವರ ಮನೆಯಿಂದ ಧೂಪ ಹಾಲಿಗೆ ಬಂತೆಂದರೆ ಯಂತ್ರದ ಹಸಿರು ದೀಪ ಕೆಂಪಾಗುತ್ತದೆ, ಫ್ಯಾನು ಗುಂಯ್ ಎಂದು ಓಡತೊಡಗುತ್ತದೆ. "ದೇವರ ಧೂಪಕ್ಕೂ ಕೆಂಪು ದೀಪ ಹಚ್ಕಂತದೆ, ಮಿಷನ್ನು ಕೆಟ್ಟೋಗೈತೆ ಕಣಪ್ಪ" ಎಂಬ ತೀರ್ಪು ಮರುಕ್ಷಣವೇ ಬರುತ್ತದೆ. ಸೆನ್ಸರ್ ಕಿಂಡಿಗೆ ಟೇಪು ಅಂಟಿಸಿ ರೋಗ ವಾಸಿ ಮಾಡಿದವರನ್ನೂ ಬಲ್ಲೆ.

ಮಿಷನ್ನು ಕೆಟ್ಟಿಲ್ಲ. ಆ ಕಿಂಡಿಯೊಳಗೆ ಒಂದು ಸಣ್ಣ ಬೆಳಕಿನ ಕಿರಣವಿದೆ, ಅದರ ಅಡ್ಡ ಹಾಯುವ ಕಣಗಳು ಚೆದುರಿಸಿದ ಬೆಳಕನ್ನು ಅದು ಅಳೆಯುತ್ತದೆ, ಅಷ್ಟೆ. ಹೊಗೆ ಧೂಪದ್ದೋ ಬೀಡಿಯದ್ದೋ ಅದಕ್ಕೆ ಗೊತ್ತಿಲ್ಲ. ನಮ್ಮ ಶ್ವಾಸಕೋಶಕ್ಕೂ ಗೊತ್ತಾಗುವುದಿಲ್ಲ. ಕೆಂಡದ ಮೇಲೆ ಬಿದ್ದ ರಾಳ ಪೂರ್ತಿ ಉರಿಯದೆ ಹೊಗೆಯಾಗುತ್ತದೆ. ಆ ಹೊಗೆಯ ಬಹುಪಾಲು ಕಣಗಳು ಒಂದು ಮೈಕ್ರಾನ್‌ಗಿಂತ ಚಿಕ್ಕವು. ಪಿಎಂ 2.5 ಎಂದು ಎಲ್ಲರೂ ಹೆದರುವ ಕಣವೇ ತಲೆಗೂದಲಿನ ದಪ್ಪದ ಮೂವತ್ತರಲ್ಲಿ ಒಂದು ಪಾಲು. ಇವು ಅದಕ್ಕಿಂತಲೂ ಸಣ್ಣವು, ಎದೆಯ ಆಳಕ್ಕೆ ಇಳಿಯುವಂಥವು. ಪಿಎಂ 2.5ರ 24 ಗಂಟೆಯ ಸರಾಸರಿ ಘನ ಮೀಟರಿಗೆ 15 ಮೈಕ್ರೋಗ್ರಾಂ ದಾಟಬಾರದು ಎಂದು ವಿಶ್ವ ಆರೋಗ್ಯ ಸಂಸ್ಥೆ 2021ರಲ್ಲಿ ಹೇಳಿತು. ನಮ್ಮ ದೇಶದ ಮಿತಿ 60. ಬಾಗಿಲು ಹಾಕಿದ ಕೋಣೆಯಲ್ಲಿ ಧೂಪ ಹಾಕಿದರೆ ಆ ಹೊತ್ತಿಗೆ ನೂರಾರು ಮೈಕ್ರೋಗ್ರಾಂ ಏರುವುದು ಏನೇನೂ ದೊಡ್ಡ ಮಾತಲ್ಲ.

ಇಷ್ಟು ಹೇಳಿದ ತಕ್ಷಣ ಎದುರಿನವರು ಮೊಬೈಲು ತೆಗೆಯುತ್ತಾರೆ. ಹೋಮದ ಹೊಗೆ ಗಾಳಿಯನ್ನು ಶುದ್ಧ ಮಾಡುತ್ತದೆಂದು ವಿಜ್ಞಾನಿಗಳೇ ಒಪ್ಪಿದ್ದಾರಂತೆ! ಪ್ರಯೋಗ ಸುಳ್ಳಲ್ಲ. ಲಖನೌದ ರಾಷ್ಟ್ರೀಯ ಸಸ್ಯ ಸಂಶೋಧನಾ ಸಂಸ್ಥೆಯವರು 2007ರಲ್ಲಿ ಪ್ರಕಟಿಸಿದ್ದು. ಮುಚ್ಚಿದ ಕೋಣೆಯಲ್ಲಿ ಒಂದು ಗಂಟೆ ಹೋಮದ ಸಾಮಗ್ರಿ ಮತ್ತು ಸೌದೆ ಉರಿಸಿದರು, ಗಾಳಿಯಲ್ಲಿದ್ದ ಬ್ಯಾಕ್ಟೀರಿಯಾ ಶೇ. 94ರಷ್ಟು ಕಡಿಮೆಯಾದವು. ಅವರು ಎಣಿಸಿದ್ದು ಬ್ಯಾಕ್ಟೀರಿಯಾವನ್ನು. ಆ ಹೊಗೆ ಕುಡಿದ ಮನುಷ್ಯನ ಎದೆಯನ್ನಲ್ಲ. ಕ್ರಿಮಿ ಸಾಯಿಸುವುದೆಲ್ಲ ಉಸಿರಾಡಲು ಯೋಗ್ಯ ಎನ್ನುವುದಾದರೆ ಫಿನಾಯಿಲನ್ನೂ ಬಿಡಬೇಕಾಗಿಲ್ಲ.

ದೊಡ್ಡವರು ತಮ್ಮ ಎದೆಗೆ ತಾವೇ ಹೊಗೆ ತುಂಬಿಕೊಂಡರೆ ನಾನು ಸುಮ್ಮನಿದ್ದೇನು. ನನ್ನ ಸಹನೆ ಮೀರುವುದು ಬಾಣಂತಿ ಕೋಣೆಯಲ್ಲಿ. ಶೀತ ತಗುಲಬಾರದೆಂದು ಕಿಟಕಿ ಭದ್ರ, ಬಾಗಿಲ ಸಂದಿಗೂ ಗೋಣಿಚೀಲ. ಮಂಚದ ಪಕ್ಕ ಅಗ್ಗಿಷ್ಟಿಕೆಯಲ್ಲಿ ಕೆಂಡ, ಮೇಲೆ ಓಮ, ಬೆಳ್ಳುಳ್ಳಿ ಸಿಪ್ಪೆ, ಸಾಂಬ್ರಾಣಿ. ಎಣ್ಣೆ ನೀರು ಹಾಕಿದ ಮೇಲೆ ಹದಿನೈದು ದಿನದ ಕೂಸನ್ನು ಅಂಗಾತ ಹಿಡಿದು ಆ ಹೊಗೆಯ ಮೇಲೆ ಆಡಿಸುತ್ತಾರೆ. ಕೂಸು ಕೆಮ್ಮಿದರೆ "ಕಫ ಬಿಡ್ತಾ ಐತೆ" ಎನ್ನುತ್ತಾರೆ. ಈಗ ಅದೇ ಕೋಣೆಯ ಮೂಲೆಯಲ್ಲಿ ಪ್ಯೂರಿಫೈಯರ್ ಕೂಡ ಓಡುತ್ತಿರುತ್ತದೆ, ಅದಿದೆಯಲ್ಲ ಎಂಬ ಧೈರ್ಯಕ್ಕೆ ಕಿಟಕಿ ಇನ್ನಷ್ಟು ಬಿಗಿಯಾಗುತ್ತದೆ. ಕೆಂಡದಿಂದ ಬರುವ ಕಾರ್ಬನ್ ಮೊನಾಕ್ಸೈಡಿಗೆ ಬಣ್ಣವಿಲ್ಲ, ವಾಸನೆಯಿಲ್ಲ. ಅದು ಕಣವಲ್ಲ, ಅನಿಲ. ಕಣ ಹಿಡಿಯುವ ಹೆಪಾ ಫಿಲ್ಟರಿನಲ್ಲಿ ನುಗ್ಗಿ ಆಚೆ ಬರುತ್ತದೆ, ಇದ್ದಿಲಿನ ಪದರವೂ ಅದನ್ನು ಹಿಡಿಯುವುದಿಲ್ಲ, ಸೆನ್ಸರಿನ ದೀಪವೂ ಹಸಿರೇ ಇರಬಹುದು. ತಲೆನೋವು, ಮಂಪರು ಎಂದು ಮಲಗಿದವರು ಏಳದೇ ಹೋಗುವುದು ಹೀಗೆಯೇ. ಕೆಂಡ ಇಟ್ಟ ಕೋಣೆಗೆ ಬೇಕಾದದ್ದು ತೆರೆದ ಕಿಟಕಿ. ಅದಕ್ಕಿಂತ ಒಳ್ಳೆಯದು ಕೆಂಡವನ್ನೇ ಆಚೆ ಇಡುವುದು. ಬೆಚ್ಚಗಿರಲು ಕಂಬಳಿ ಇದೆ, ಟೊಪ್ಪಿ ಇದೆ.

ಸೊಳ್ಳೆ ಬತ್ತಿಯದೂ ಇದೇ ಕತೆ. ಒಂದು ಬತ್ತಿ ಉರಿದು ಮುಗಿಯುವಷ್ಟರಲ್ಲಿ 75ರಿಂದ 137 ಸಿಗರೇಟಿನಷ್ಟು ಸೂಕ್ಷ್ಮ ಕಣ ಬಿಡುತ್ತದೆಂದು 2003ರ ಒಂದು ಅಧ್ಯಯನ ತೋರಿಸಿತು. ಬತ್ತಿ ಹಚ್ಚಿ ಪಕ್ಕದಲ್ಲೇ ಪ್ಯೂರಿಫೈಯರ್ ಓಡಿಸಿದರೆ ಕರೆಂಟು ಬಿಲ್ಲು ಏರುತ್ತದೆ. ಸೊಳ್ಳೆ ಪರದೆಗೆ ಫಿಲ್ಟರ್ ಬದಲಾಯಿಸುವ ಖರ್ಚಿಲ್ಲ.

ನಮ್ಮ ಕಡೆಯವರಿಗೆ ಹೊಗೆ ಎಂದರೆ ತಂಬಾಕಿನ ಬ್ಯಾರನ್ನಿನದು. ರಾಮನಾಥಪುರ, ಕೊಣನೂರು ಕಡೆ ಸೊಪ್ಪು ಬೇಯಿಸುವ ದಿನಗಳಲ್ಲಿ ಒಂದೊಂದು ಬ್ಯಾರನ್ನಿನ ಒಲೆ ಐದಾರು ದಿನ ಹಗಲೂ ರಾತ್ರಿ ಸೌದೆ ತಿನ್ನುತ್ತದೆ. ಆ ಹೊಗೆ ಊರಿಗೆ ಕವಿಯುವುದು ನಿಜ. ಆ ತಿಂಗಳುಗಳಲ್ಲಿ ಉಬ್ಬಸದವರ ಮನೆಯಲ್ಲಿ ಪ್ಯೂರಿಫೈಯರ್ ಇದ್ದರೆ ಸಾರ್ಥಕ. ಆದರೆ ಚಿಮಣಿಯಿಂದ ಆಕಾಶಕ್ಕೆ ಹೋಗುವ ಹೊಗೆಯನ್ನು ಬೈಯುತ್ತ, ನಾಲ್ಕು ಗೋಡೆಯೊಳಗೆ ತಾವೇ ಎಬ್ಬಿಸಿದ್ದನ್ನು ಆರೋಗ್ಯವೆಂದು ಕರೆಯುವ ಲೆಕ್ಕ ನನಗೆ ಹತ್ತುವುದಿಲ್ಲ.

ಉಳಿದ ನಂಬಿಕೆಗಳಿಗೆ ಒಂದೊಂದು ಮಾತು ಸಾಕು. ಪ್ಯೂರಿಫೈಯರ್ ಆಮ್ಲಜನಕ ತಯಾರಿಸುವುದಿಲ್ಲ. ಮನಿ ಪ್ಲಾಂಟು ಗಾಳಿ ಸೋಸುತ್ತದೆಂದು "ನಾಸಾ ಹೇಳಿದ್ದು" 1989ರಲ್ಲಿ, ಗಾಳಿಯಾಡದ ಸಣ್ಣ ಪೆಟ್ಟಿಗೆಯೊಳಗಿನ ಗಿಡದ ಬಗ್ಗೆ, ಅದೂ ಕೆಲವು ರಾಸಾಯನಿಕ ಆವಿಗಳ ಬಗ್ಗೆ, ದೂಳಿನ ಬಗ್ಗೆ ಅಲ್ಲ. ಕಿಟಕಿಯಿಂದ ಬಂದುಹೋಗುವ ಗಾಳಿ ಮಾಡುವಷ್ಟು ಕೆಲಸಕ್ಕೆ ಚದರ ಮೀಟರಿಗೆ 10ರಿಂದ 1,000 ಗಿಡ ಬೇಕೆಂದು 2019ರಲ್ಲಿ ಲೆಕ್ಕ ಹಾಕಿದ್ದಾರೆ, ಅಂದರೆ ಮಲಗುವ ಕೋಣೆಗೆ ಕಡಿಮೆಯೆಂದರೂ ನೂರು ಕುಂಡ. ಓಜೋನ್ ಬಿಡುವ ಯಂತ್ರ "ಮಳೆ ಬಂದ ಮೇಲಿನ ತಾಜಾ ಗಾಳಿ" ಕೊಡುತ್ತದೆಂದರೆ ಅಂಗಡಿಯಿಂದ ಎದ್ದು ಬನ್ನಿ, ಓಜೋನ್ ಎದೆಯನ್ನು ಸುಡುತ್ತದೆ. ಹೆಪಾ ಫಿಲ್ಟರನ್ನು ತೊಳೆದು ಹಪ್ಪಳದಂತೆ ಬಿಸಿಲಿಗೆ ಹಾಕಿದವರು ಅದನ್ನು ಮತ್ತೆ ಯಂತ್ರಕ್ಕೆ ಹಾಕುವ ಶ್ರಮ ತೆಗೆದುಕೊಳ್ಳಬೇಕಿಲ್ಲ. ತೊಳೆಯಬಹುದಾದದ್ದು ಮುಂದಿನ ಜಾಲರಿ ಮಾತ್ರ.

ಹಾಸನದ ಎಪಿಎಂಸಿಯಲ್ಲಿ ಜಲಂಧರ್‌ನಿಂದ ಬಂದ ಬಿತ್ತನೆ ಆಲೂಗಡ್ಡೆ ಕೊಳ್ಳುವಾಗ ನಮ್ಮ ರೈತ ಚೀಲ ಬಿಚ್ಚಿಸುತ್ತಾನೆ, ಗಡ್ಡೆ ಕೊಯ್ದು ಒಳಗೆ ಕೊಳೆತಿದೆಯೇ ನೋಡುತ್ತಾನೆ, ಮೂಸುತ್ತಾನೆ, ಆಮೇಲೆ ದುಡ್ಡಿನ ಮಾತು. ಅದೇ ಮನುಷ್ಯ ಸಂಜೆ ಮನೆಗೆ ಬಂದು, ಯಾರು ಬರೆದರೆಂದು ಗೊತ್ತಿಲ್ಲದ ವಾಟ್ಸಾಪ್ ಸಂದೇಶವನ್ನು ಕೊಯ್ಯದೆ ಮೂಸದೆ ಹಾಗೇ ನುಂಗಿ ನಲವತ್ತು ಜನಕ್ಕೆ ಕಳಿಸುತ್ತಾನೆ. ಓದಿದವರೇನೂ ಮೇಲಲ್ಲ. ಅವರು ಅದಕ್ಕೆ "ಸಂಶೋಧನೆ" ಎಂಬ ಪದ ಸೇರಿಸಿ ಕಳಿಸುತ್ತಾರೆ.

ಇಷ್ಟಾದ ಮೇಲೂ ಪ್ಯೂರಿಫೈಯರ್ ಕೊಳ್ಳುವುದಾದರೆ ಡಬ್ಬಿಯ ಮೇಲೆ ಸಿಎಡಿಆರ್ ಎಂಬ ಅಂಕಿ ನೋಡಿ, ಗಂಟೆಗೆ ಎಷ್ಟು ಘನ ಮೀಟರ್ ಶುದ್ಧ ಗಾಳಿ ಎನ್ನುವ ಲೆಕ್ಕ ಅದು. ಹತ್ತು ಅಡಿ ಎತ್ತರದ 10x12 ಕೋಣೆಯಲ್ಲಿ ಸುಮಾರು 34 ಘನ ಮೀಟರ್ ಗಾಳಿ ಇರುತ್ತದೆ. ಗಂಟೆಗೆ ಐದು ಸಲ ಸೋಸಲು 170 ಬೇಕು. ಆ ಅಂಕಿ ಫ್ಯಾನು ಜೋರಾಗಿ ಓಡುವಾಗಿನದು. ರಾತ್ರಿ ಸದ್ದಾಗುತ್ತದೆಂದು ಸಣ್ಣಗೆ ಮಾಡಿದರೆ ಅರ್ಧವೂ ಸಿಗದು, ಹಾಗಾಗಿ ಒಂದು ಅಳತೆ ದೊಡ್ಡದೇ ತರುವುದು ಜಾಣತನ. ಹೆಂಚಿನ ಮನೆ, ತೊಟ್ಟಿ ಮನೆಯ ಹಜಾರದಲ್ಲಿಟ್ಟರೆ ಅದು ಊರಿನ ಗಾಳಿಯನ್ನೆಲ್ಲ ಸೋಸಲು ಹೊರಟಂತೆ. ಮೇಲೆ ತಾರಸಿಯಿರುವ, ಬಾಗಿಲು ಸರಿಯಾಗಿ ಕೂರುವ ಒಂದು ಕೋಣೆಯಲ್ಲಿ, ಗೋಡೆಯಿಂದ ಒಂದಡಿ ಈಚೆ ಇಡಿ. ಧೂಪ ಹಾಕಲೇಬೇಕೆಂದರೆ ಕಿಟಕಿ ತೆರೆದು ಹಾಕಿ, ಹೊಗೆ ಹೋದ ಮೇಲೆ ಮುಚ್ಚಿ ಯಂತ್ರ ಹಚ್ಚಿ. ಹೊಸ ಫಿಲ್ಟರಿನ ಬೆಲೆ ಎಷ್ಟು, ಅದು ಹಾಸನದಲ್ಲಿ ಸಿಗುತ್ತದೆಯೇ ಎಂಬುದನ್ನು ಯಂತ್ರಕ್ಕೆ ದುಡ್ಡು ಕೊಡುವ ಮುಂಚೆಯೇ ಕೇಳಿಕೊಳ್ಳಿ.