ಕೊನೆಯ ಹೆಸರನ್ನು ನುಂಗುವ ಕೋಷ್ಟಕ

ನಾರಾಯಣಪುರ ಎಡದಂಡೆ ಕಾಲುವೆಯ ನೀರುಣ್ಣುವ ಹುಣಸಗಿ ಭಾಗದ ರೈತನಿಗೆ ಪಹಣಿಯಲ್ಲಿ ಹೆಸರಿರುವುದು ಸಣ್ಣ ಮಾತಲ್ಲ. ಬೆಳೆಸಾಲ, ಪರಿಹಾರ ಎಲ್ಲದಕ್ಕೂ ಅದೇ ಆಧಾರ. 2000ದ ದಶಕದ ಆರಂಭದಲ್ಲಿ 'ಭೂಮಿ' ಯೋಜನೆ ರಾಜ್ಯದ ಪಹಣಿಗಳನ್ನು ಗಣಕೀಕರಿಸಿದ ಮೇಲೆ, ಕಾಗದದ ಮೇಲೆ ಹೆಸರು ಮೂಡಿಸುವ ಕೆಲಸ ಗ್ರಾಮಲೆಕ್ಕಿಗರ ಲೇಖನಿಯಿಂದ ತಂತ್ರಾಂಶಕ್ಕೆ ದಾಟಿತು. ಇಂತಹ ಪಟ್ಟಿಗಳಲ್ಲಿ ತಂತ್ರಾಂಶವೊಂದು ಸದ್ದಿಲ್ಲದೆ ಹೆಸರು ನುಂಗಬಲ್ಲದು. ಹೇಗೆಂಬುದನ್ನು ಎಕ್ಸ್‌ಎಸ್‌ಎಲ್ ಭಾಷೆಯ ಮೂಲಕ ನೋಡಬಹುದು. ಇಲ್ಲಿನ ಪಟ್ಟಿ ವಿವರಣೆಗಾಗಿ ಕಲ್ಪಿಸಿದ್ದು, 'ಭೂಮಿ' ತಂತ್ರಾಂಶದ್ದಲ್ಲ.

ಎಕ್ಸ್‌ಎಂಎಲ್ ಮಾಹಿತಿಯನ್ನು ಎಚ್‌ಟಿಎಂಎಲ್ ಪುಟವಾಗಿಸುವ ಎಕ್ಸ್‌ಎಸ್‌ಎಲ್‌ಟಿ ಭಾಷೆಯ ಮೊದಲ ಆವೃತ್ತಿಗೆ ಡಬ್ಲ್ಯು3ಸಿ ಸಂಸ್ಥೆ 1999ರ ನವೆಂಬರ್ 16ರಂದು ಮಾನ್ಯತೆ ನೀಡಿತು. ಪ್ರತಿ ವಾರಸುದಾರನ ಹೆಸರೂ ಪ್ರತ್ಯೇಕವಾಗಿದ್ದರೆ ಸಾಲುಗಳನ್ನು ಮೂಡಿಸುವುದು ಸುಲಭ. ಹಳೆಯ ದತ್ತಾಂಶದಲ್ಲಿ "ಬಸಪ್ಪ, ಹಣಮಂತ, ಮಲ್ಲಮ್ಮ" ಎಂದು ಎಲ್ಲರೂ ಒಂದೇ ಅಂಕಣದಲ್ಲಿದ್ದರೆ ತೊಡಕು. ಮೊದಲ ಆವೃತ್ತಿಯಲ್ಲಿ ಪಠ್ಯವನ್ನು ಒಡೆಯುವ ಸಿದ್ಧ ಆದೇಶವಿಲ್ಲ. ಒಮ್ಮೆ ಕೊಟ್ಟ ಚರಾಂಶದ ಬೆಲೆಯನ್ನು ಬದಲಿಸುವಂತಿಲ್ಲವಾದ್ದರಿಂದ ಎಣಿಸುತ್ತ ಸಾಗುವಂತೆಯೂ ಇಲ್ಲ.

ಹಾಗಾಗಿ ಟೆಂಪ್ಲೇಟು ತನ್ನನ್ನೇ ಮತ್ತೆ ಕರೆಯಬೇಕು. ಪಂಕ್ತಿಯಲ್ಲಿ ಎಲೆ ಹಾಕುವವನು ಒಂದೆಲೆ ಹಾಕಿ ಉಳಿದ ಕಟ್ಟನ್ನು ಮುಂದಿನವನ ಕೈಗಿತ್ತಂತೆ ಇದು. ಅಲ್ಪವಿರಾಮದ ಹಿಂದಿನ 'ಬಸಪ್ಪ' ಒಂದು ಸಾಲಾಗುತ್ತದೆ. ಮುಂದಿನ "ಹಣಮಂತ, ಮಲ್ಲಮ್ಮ" ಅದೇ ಟೆಂಪ್ಲೇಟಿಗೆ ಹೋಗುತ್ತದೆ. ಎರಡನೆಯ ಸುತ್ತಿನಲ್ಲಿ ಹಣಮಂತನ ಸಾಲು. ಉಳಿದದ್ದು 'ಮಲ್ಲಮ್ಮ' ಮಾತ್ರ, ಅದರ ಮುಂದೆ ಅಲ್ಪವಿರಾಮವಿಲ್ಲ.

ಎಡವುವುದು ಇಲ್ಲಿಯೇ. "ಅಲ್ಪವಿರಾಮವಿದ್ದರೆ ಸಾಲು ಬರೆ" ಎಂದಷ್ಟೇ ಹೇಳಿ, ಇಲ್ಲದಿದ್ದರೆ ಉಳಿದುದನ್ನೇ ಕೊನೆಯ ಸಾಲಾಗಿ ಬರೆ ಎಂದು ಹೇಳಲು ಮರೆತರೆ ಮಲ್ಲಮ್ಮನ ಹೆಸರು ಕೋಷ್ಟಕದಲ್ಲಿ ಕಾಣದು. ದೋಷದ ಸೂಚನೆಯೂ ಬಾರದು. ಎರಡು ಸಾಲಿನ ಕೋಷ್ಟಕ ಅಚ್ಚುಕಟ್ಟಾಗಿಯೇ ಇರುತ್ತದೆ. ಒಬ್ಬನೇ ವಾರಸುದಾರನಿದ್ದರಂತೂ ಕೋಷ್ಟಕವೇ ಬರಿದು. ಉಳಿದ ಭಾಗದ ಬದಲು ಇಡೀ ಪಠ್ಯವನ್ನೇ ಮತ್ತೆ ಕಳುಹಿಸಿದರೆ ಕರೆಗೆ ಕೊನೆಯಿಲ್ಲದೆ ಗಣಕಯಂತ್ರ ಸೋಲುತ್ತದೆ. ಆ ತಪ್ಪೇ ವಾಸಿ, ತಕ್ಷಣ ಗೊತ್ತಾಗುತ್ತದೆ.

2007ರ ಎರಡನೆಯ ಆವೃತ್ತಿ ಪಠ್ಯ ಒಡೆಯುವ 'ಟೋಕನೈಸ್' ಸೌಲಭ್ಯ ತಂದಿತು. ಆದರೆ ಪ್ರಮುಖ ಬ್ರೌಸರ್‌ಗಳು ಮೊದಲ ಆವೃತ್ತಿಯಲ್ಲೇ ನಿಂತವು. ಅದನ್ನೂ ಕೈಬಿಡುವ ಯೋಜನೆಯನ್ನು 2025ರಲ್ಲಿ ಕ್ರೋಮ್ ಪ್ರಕಟಿಸಿತು. ಹಳೆಯ ಪುಟಗಳನ್ನು ಸರ್ವರ್‌ಗೆ ಸಾಗಿಸುವವರು ಮೂರು ದಾಖಲೆಗಳನ್ನು ಮೊದಲು ಓಡಿಸಿ ನೋಡಬೇಕು: ಹಲವು ಹೆಸರಿನದು, ಒಂದೇ ಹೆಸರಿನದು, ಹೆಸರೇ ಇಲ್ಲದ್ದು.