ನಿಮಗಿದು ಗೊತ್ತೆ? ಕ್ಯಾರವಾನ್‌ನ ಗ್ಯಾಸ್ ಸಿಲಿಂಡರ್

ಬ್ರಿಟನ್ನಿನಲ್ಲಿ ಕಾರಿನ ಹಿಂದೆ ಕ್ಯಾರವಾನ್ (ಗಾಲಿಯ ಮೇಲಿನ ಮನೆ) ಕಟ್ಟಿಕೊಂಡು ಊರೂರು ಸುತ್ತುವವರಿಗೆ ಎರಡು ಬಗೆಯ ಗ್ಯಾಸ್ ಸಿಲಿಂಡರ್ ಸಿಗುತ್ತವೆ. ಒಂದು, ನಮ್ಮಲ್ಲಿಯಂತೆ ಖಾಲಿಯದನ್ನು ಕೊಟ್ಟು ತುಂಬಿದ್ದನ್ನು ತರುವ ಬದಲಿ ಸಿಲಿಂಡರ್. ಇನ್ನೊಂದನ್ನು ವಾಹನಗಳಿಗೆ ಎಲ್‌ಪಿಜಿ ಹಾಕುವ ಬಂಕ್‌ನಲ್ಲೇ ತುಂಬಿಸಿಕೊಳ್ಳಬಹುದು. ಶೇ 80ರಷ್ಟು ತುಂಬುತ್ತಲೇ ಇದರೊಳಗಿನ ವಾಲ್ವ್ ಮುಚ್ಚಿಕೊಳ್ಳುತ್ತದೆ. ಬಿಸಿಗೆ ದ್ರವ ಹಿಗ್ಗಲು ಉಳಿದ ಜಾಗ ಬೇಕೇ ಬೇಕು. ಈ ವಾಲ್ವ್ ಇಲ್ಲದ ಬದಲಿ ಸಿಲಿಂಡರ್‌ಗೆ ಬಂಕ್‌ನಲ್ಲಿ ಗ್ಯಾಸ್ ತುಂಬಿಸುವುದು ಜೀವಕ್ಕೇ ಅಪಾಯ. ಯುರೋಪಿನ ಬೇರೆ ದೇಶಗಳಲ್ಲಿ ಬ್ರಿಟನ್ನಿನ ಬದಲಿ ಸಿಲಿಂಡರ್ ಸಾಮಾನ್ಯವಾಗಿ ನಡೆಯದು. ದೂರ ಹೋಗುವವರಿಗೆ ತುಂಬಿಸಿಕೊಳ್ಳುವುದೇ ಮೇಲು. ಆದರೆ ಬಂಕ್‌ನ ನಳಿಕೆ ಎಲ್ಲೆಡೆ ಒಂದೇ ಥರ ಇರುವುದಿಲ್ಲ, ಅಡಾಪ್ಟರ್ ಜೊತೆಗಿರಲಿ. ಅಪರೂಪಕ್ಕೆ ಹೊರಡುವವರಿಗೆ ಬದಲಿ ಸಿಲಿಂಡರ್ ಸಾಕು. ಚಳಿಗಾಲಕ್ಕೆ ಮಾತ್ರ ಸಿಲಿಂಡರ್‌ನಲ್ಲಿ ಬ್ಯೂಟೇನ್ ಬದಲು ಪ್ರೊಪೇನ್ ಗ್ಯಾಸೇ ಇರಬೇಕು. ತಾಪಮಾನ 0 ಡಿಗ್ರಿ ಸೆಲ್ಸಿಯಸ್‌ಗೆ ಇಳಿದರೆ ಬ್ಯೂಟೇನ್ ಸರಿಯಾಗಿ ಆವಿಯಾಗದೆ ಒಲೆ ಹತ್ತುವುದೇ ಕಷ್ಟ. ಪ್ರೊಪೇನ್‌ನ ಕುದಿಬಿಂದು ಮೈನಸ್ 42 ಡಿಗ್ರಿ, ಹಾಗಾಗಿ ಅದು ಚಳಿಯಲ್ಲೂ ಆವಿಯಾಗುತ್ತದೆ.